ಅಗ್ನಿಪರ್ವತದ ಸರೋವರಕ್ಕೆ ಹೊರಡುವ ಮೊದಲು



ಕಳೆದ ತಿಂಗಳು ಹಿತ್ತಲ ಬಾವಿಯ ನೀರನ್ನು ಶುಚಿಯಾಗಿಟ್ಟುಕೊಳ್ಳುವ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಈ ತಿಂಗಳ ವಿಷಯವೂ ನೀರೇ. ಆದರೆ ಈ ಬಾವಿ ಸ್ವಲ್ಪ ದೊಡ್ಡದು, ಬಹು ದೂರದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಓರೆಗಾನ್ ಎಂಬ ರಾಜ್ಯವುಂಟು. ಅಲ್ಲಿಯ ಕ್ಯಾಸ್ಕೇಡ್ ಪರ್ವತಶ್ರೇಣಿಯಲ್ಲಿ, ಒಂದಾನೊಂದು ಕಾಲದಲ್ಲಿ ಬೆಂಕಿಯನ್ನುಗುಳಿ ಕುಸಿದುಹೋದ ಪರ್ವತವೊಂದರ ಹೊಟ್ಟೆಯೊಳಗೆ 'ಕ್ರೇಟರ್ ಲೇಕ್' ಎಂಬ ಸರೋವರವಿರುವುದು. ಅದನ್ನೂ ಅದರ ಸುತ್ತಣ ಅರಣ್ಯವನ್ನೂ ಆ ದೇಶದವರು 1902ನೆಯ ಇಸವಿಯಿಂದ ರಾಷ್ಟ್ರೀಯ ಉದ್ಯಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ಮಗನು ಸಂಸಾರಸಮೇತನಾಗಿ ಅದೇ ರಾಜ್ಯದ ಪೋರ್ಟ್‌ಲೆಂಡ್ ಪಟ್ಟಣದ ಸಮೀಪದಲ್ಲಿ ವಾಸವಾಗಿದ್ದಾನೆ. ಎರಡು ಸಲ ಕರೆದು ಸೋತು, ಮೂರನೆಯ ಸಲ ತನ್ನ ಮಗಳ ಕೈಗೆ ಟೆಲಿಫೋನನ್ನು ಕೊಟ್ಟನು. ಆ ಮಗು, "ತಾತ, ಇಲ್ಲೊಂದು ಬೆಟ್ಟಕ್ಕೆ ತಲೆಯೇ ಇಲ್ಲ. ತಲೆ ಇದ್ದ ಕಡೆ ನೀಲಿ ನೀರಿದೆ. ನೀವೂ ಅಜ್ಜೀನೂ ಬಂದರೆ ತೋರಿಸ್ತೀನಿ," ಎಂದಿತು. ಮೂವತ್ತು ವರ್ಷ ಪಾಠ ಹೇಳಿದ ನನಗೂ ಒಂದು ಸ್ಥಳವನ್ನು ಇಷ್ಟು ಚುಟುಕಾಗಿ ವರ್ಣಿಸಲು ಬರುತ್ತಿರಲಿಲ್ಲ. ಹೋಗಿಬರುವುದೆಂದು ನಿಶ್ಚಯವಾಯಿತು.

ಆದರೆ ನಮ್ಮ ಮನೆಯಾಕೆ ಒಂದು ಷರತ್ತನ್ನು ಹಾಕಿದಳು. ಅದನ್ನು ವಾಚಕರು ತಿಳಿಯಬೇಕಾದರೆ ನಮ್ಮ ಊರಿನ ವಿಚಾರವನ್ನು ಸ್ವಲ್ಪ ಹೇಳಬೇಕು.

ಸೋಸಲೆಗೆ ಸಮೀಪದಲ್ಲಿಯೇ ತಿರುಮಕೂಡಲು ನರಸೀಪುರವಿರುವುದಷ್ಟೆ. ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಆದರೆ ಕ್ಷೇತ್ರದ ಹೆಸರಿನಲ್ಲಿರುವ ಮೂರನೆಯ ಕೂಟ ಯಾವುದು? ಅದು ಸ್ಫಟಿಕ ಸರೋವರವೆಂದೂ, ನದಿಗಳ ತಳದಲ್ಲಿ ಗುಪ್ತವಾಗಿದೆಯೆಂದೂ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಗುಂಜಾ ನರಸಿಂಹಸ್ವಾಮಿಯ ಗುಡಿಯ ಕಡೆಯಿಂದ ಇಳಿಯುವವರಾಗಲಿ, ಅಗಸ್ತ್ಯೇಶ್ವರನ ಕಡೆಯಿಂದ ಇಳಿಯುವವರಾಗಲಿ, ಯಾರೂ ಅದನ್ನು ಕಂಡವರಲ್ಲ. ಆದರೂ ಸಂಕಲ್ಪದಲ್ಲಿ ಅದನ್ನು ಬಿಡುವವರಿಲ್ಲ. 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಅಲ್ಲಿ ಕುಂಭಮೇಳವೂ ಪ್ರಾರಂಭವಾಯಿತು. 2025ರ ಫೆಬ್ರವರಿಯಲ್ಲಿ ನಡೆದಾಗ ನಾವಿಬ್ಬರೂ ಹೋಗಿ ಮಿಂದು ಬಂದೆವು.

ನಮ್ಮ ಮೊಮ್ಮಗಳು ಹುಟ್ಟಿದ್ದು 2020ರಲ್ಲಿ, ಲೋಕವೆಲ್ಲ ಸಾಂಕ್ರಾಮಿಕಕ್ಕೆ ಸಿಕ್ಕಿ ವಿಮಾನಗಳು ನಿಂತಿದ್ದ ಕಾಲದಲ್ಲಿ. ಸೊಸೆಯ ಬಾಣಂತನಕ್ಕೆಂದು ಇವಳು ಹುರಿದು ಕುಟ್ಟಿಟ್ಟಿದ್ದ ಪುಡಿಗಳು ಡಬ್ಬಿಯಲ್ಲಿಯೇ ಉಳಿದುವು. ದಿನ ತುಂಬುವುದಕ್ಕೆ ಮೊದಲೇ ಹುಟ್ಟಿದ ಆ ಶಿಶುವು ಹಲವು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಾಯಿತು. ಆಗ ಇವಳು ಯಾರಿಗೂ ಹೇಳದೆ ಸಂಗಮದ ತಡಿಗೆ ಹೋಗಿ, ಮಗು ಬದುಕಿ ಬೆಳೆದರೆ ಇಲ್ಲಿಯ ನೀರನ್ನು ಕೊಂಡೊಯ್ದು ಆ ದೇಶದ ಯಾವುದಾದರೂ ಒಳ್ಳೆಯ ನೀರಿಗೆ ಮಗುವಿನ ಕೈಯಿಂದಲೇ ಹೊಯ್ಯಿಸುವೆನೆಂದು ಹರಸಿಕೊಂಡಿದ್ದಳಂತೆ. ಇಷ್ಟು ವರ್ಷ ನನಗೂ ತಿಳಿಸಿರಲಿಲ್ಲ. ಈಗ ಮೊಮ್ಮಗಳೇ ನೀಲಿ ನೀರಿನ ಮಾತನ್ನೆತ್ತಿದ ಮೇಲೆ, "ಆ ನೀರು ಇದೇ ಇರಬೇಕು," ಎಂದು ತಾಮ್ರದ ಪುಟ್ಟ ಗಿಂಡಿಯೊಂದನ್ನು ಹುಣಿಸೆಹಣ್ಣಿನಿಂದ ಬೆಳಗಿ ಕಿಟಕಿಯ ಮೇಲಿಟ್ಟಳು.

ನಾನಾದರೋ ಮೇಷ್ಟರ ಅಭ್ಯಾಸದಂತೆ, ಹೊರಡುವ ಸ್ಥಳದ ವಿಚಾರವನ್ನು ಮೊದಲು ಓದಿ ತಿಳಿಯೋಣವೆಂದು ಕುಳಿತೆನು. ತಿಳಿದುದನ್ನು ಕ್ರಮವಾಗಿ ಅರಿಕೆ ಮಾಡುವೆನು. ಪರದೇಶದಲ್ಲಿ ಮಕ್ಕಳಿರುವ ಮನೆಗಳು ಈಗ ಎಲ್ಲ ಊರುಗಳಲ್ಲಿಯೂ ಇರುವುದರಿಂದ ಕೆಲವರಿಗಾದರೂ ಪ್ರಯೋಜನಕ್ಕೆ ಬಂದೀತು.

ಮೊದಲು ಸರೋವರದ ಉತ್ಪತ್ತಿ. ಈಗ ನೀರಿರುವ ಸ್ಥಳದಲ್ಲಿ ಸುಮಾರು 12,000 ಅಡಿ ಎತ್ತರದ ಅಗ್ನಿಪರ್ವತವೊಂದಿದ್ದಿತು. ಅದಕ್ಕೆ ಈಗಿನವರು ಇಟ್ಟಿರುವ ಹೆಸರು ಮಜಾಮಾ. ಸುಮಾರು 7,700 ವರ್ಷಗಳ ಹಿಂದೆ ಅದು ಮಹೋಗ್ರವಾಗಿ ಸಿಡಿಯಿತು. ಒಳಗಿನ ಕರಗಿದ ಶಿಲಾರಸವೆಲ್ಲ ಹೊರಬಿದ್ದ ಮೇಲೆ, ಆಧಾರವಿಲ್ಲದ ಶಿಖರವು ತನ್ನ ಭಾರದಿಂದಲೇ ಒಳಕ್ಕೆ ಕುಸಿಯಿತು. ಹೆಚ್ಚಾಗಿ ಹುರಿದ ಹಪ್ಪಳದ ಉಬ್ಬು ಬೆರಳು ಸೋಕಿದೊಡನೆ ಒಳಕ್ಕೆ ಬೀಳುವುದನ್ನು ನೋಡಿಲ್ಲವೇ? ಹೆಚ್ಚುಕಡಮೆ ಹಾಗೆಯೇ. ಆದುದರಿಂದ ಇದು ಬೆಂಕಿ ಹೊರಟ ಬಾಯಿಯಷ್ಟೇ ಅಲ್ಲ, ಬೆಟ್ಟವೇ ಕುಸಿದು ಉಂಟಾದ ಮಹಾಕುಂಡ. ಆ ಕುಂಡವನ್ನು ಮಳೆಯೂ ಕರಗಿದ ಹಿಮವೂ ಕೆಲವು ಶತಮಾನಗಳ ಕಾಲ ತುಂಬಿದುವು. ಅದಕ್ಕೆ ಒಳಬರುವ ನದಿಯಿಲ್ಲ, ಹೊರಹೋಗುವ ನದಿಯೂ ಇಲ್ಲ. ಆಕಾಶದಿಂದ ಬಿದ್ದಷ್ಟು ನೀರು ಆವಿಯಾಗಿಯೂ ಬಂಡೆಗಳ ಸಂದಿನಲ್ಲಿ ಜಿನುಗಿಯೂ ಹೋಗುವುದರಿಂದ ಮಟ್ಟವು ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕೆಂದು ಬೇಡುವೆನು. ಮುಂದೆ ಇದೇ ಮುಖ್ಯವಾಗುವುದು.

ನೀರಿನೊಳಗೆ ಬೆಂಕಿಯಿರುವುದೆಂಬ ಮಾತು ನಮಗೆ ಹೊಸದಲ್ಲ. ಔರ್ವಋಷಿಯು ತನ್ನ ಕೋಪಾಗ್ನಿಯನ್ನು ಸಮುದ್ರದಲ್ಲಿ ಬಿಟ್ಟನೆಂದೂ ಅದೇ ಬಡಬಾಗ್ನಿಯಾಯಿತೆಂದೂ ಮಹಾಭಾರತದ ಆದಿಪರ್ವದಲ್ಲಿ ಕಥೆಯಿದೆ. ಹಾಗೆಂದು ನಮ್ಮವರಿಗೆ ಭೂಗರ್ಭಶಾಸ್ತ್ರವೆಲ್ಲ ತಿಳಿದಿದ್ದಿತೆಂದು ನಾನು ಹೇಳತಕ್ಕವನಲ್ಲ. ಕಥೆಯು ಕಥೆ, ಶಾಸ್ತ್ರವು ಶಾಸ್ತ್ರ. ಆ ಪ್ರಾಂತದ ಮೂಲನಿವಾಸಿಗಳಾದ ಕ್ಲಾಮತ್ ಜನರಲ್ಲಿಯೂ ಇಂಥದೊಂದು ಕಥೆಯುಂಟು. ಪಾತಾಳದ ಅಧಿಪತಿಯಾದ ಲಾವೋ ಎಂಬವನಿಗೂ ಮೇಲ್ಲೋಕದ ಸ್ಕೆಲ್ ಎಂಬವನಿಗೂ ಯುದ್ಧವಾಗಿ, ಬೆಟ್ಟವು ಲಾವೋವಿನ ಮೇಲೆ ಕುಸಿದು, ಕುಳಿಯನ್ನು ನೀರು ಮುಚ್ಚಿತಂತೆ. ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 1938ರಲ್ಲಿ ಲೂಥರ್ ಕ್ರೆಸ್‌ಮನ್ ಎಂಬ ವಿದ್ವಾಂಸರು ಅದೇ ರಾಜ್ಯದ ಫೋರ್ಟ್ ರಾಕ್ ಎಂಬಲ್ಲಿಯ ಗುಹೆಯಲ್ಲಿ, ಈ ಪರ್ವತದ ಬೂದಿಯ ಪದರದ ಕೆಳಗೆ, ಗಿಡದ ನಾರಿನಿಂದ ಹೆಣೆದ ಹತ್ತಾರು ಪಾದರಕ್ಷೆಗಳನ್ನು ಕಂಡರು. ಬೆಟ್ಟವು ಸಿಡಿಯುವುದಕ್ಕೆ ಮೊದಲೇ ಆ ಸೀಮೆಯಲ್ಲಿ ಜನರಿದ್ದರೆಂಬುದು ಇದರಿಂದ ಸ್ಪಷ್ಟವಾಯಿತು. ಅವರು ಕಂಡುದನ್ನು ಅವರ ಮಕ್ಕಳು ಕಥೆಯಾಗಿ ಉಳಿಸಿಕೊಂಡಿರಬಹುದು. ಆ ಸರೋವರವು ಕ್ಲಾಮತ್ ಜನರಿಗೆ ಇಂದಿಗೂ ಪವಿತ್ರವಾದುದು. 1853ನೆಯ ಜೂನ್ ತಿಂಗಳಲ್ಲಿ ಚಿನ್ನದ ಗಣಿಯನ್ನು ಹುಡುಕುತ್ತ ಹೋದ ಹಿಲ್‌ಮನ್ ಎಂಬವನು ಅಕಸ್ಮಾತ್ತಾಗಿ ಅಂಚಿಗೆ ಬಂದು ನಿಂತನೆಂದೂ, ಬಿಳಿಯರಲ್ಲಿ ಅವನೇ ಅದನ್ನು ಮೊದಲು ಕಂಡವನೆಂದೂ ಹೇಳುತ್ತಾರೆ. ಅವನಿಗೆ ಚಿನ್ನವು ಸಿಕ್ಕಲಿಲ್ಲ.

ಅದರ ಆಳವನ್ನು ಹೇಳುವೆನು. 1886ರಲ್ಲಿ ಡಟನ್ ಎಂಬ ಅಧಿಕಾರಿಯ ತಂಡದವರು ದೋಣಿಯನ್ನು ಆ ಕಡಿದಾದ ಗೋಡೆಯಿಂದ ಕೆಳಗಿಳಿಸಿ, ಪಿಯಾನೋ ವಾದ್ಯದ ತಂತಿಗೆ ಸೀಸದ ಗುಂಡನ್ನು ಕಟ್ಟಿ ಬಿಟ್ಟು, 168 ಕಡೆ ಅಳೆದರು. ಅತಿ ಹೆಚ್ಚಿನ ಆಳವು 1,996 ಅಡಿಯೆಂದು ಬಂದಿತು. 2000ನೆಯ ಇಸವಿಯಲ್ಲಿ ಧ್ವನಿಯಂತ್ರಗಳಿಂದ ಅಳೆದಾಗ 1,943 ಅಡಿಯಾಯಿತು. ತಂತಿಯಿಂದ ಅಳೆದವರ ತಪ್ಪು ಐವತ್ತು ಚಿಲ್ಲರೆ ಅಡಿ ಮಾತ್ರ! ನಮ್ಮ ಚಾಮುಂಡಿಬೆಟ್ಟವು ಮೈಸೂರಿನ ನೆಲದಿಂದ ಸುಮಾರು 1,000 ಅಡಿ ಎತ್ತರವಿರುವುದು. ಅಂಥ ಬೆಟ್ಟವನ್ನು ತಂದು ಅಲ್ಲಿ ಮುಳುಗಿಸಿದರೆ ಅದರ ತಲೆಯ ಮೇಲೆ ಇನ್ನೊಂದು ಚಾಮುಂಡಿಬೆಟ್ಟದಷ್ಟು ನೀರು ನಿಲ್ಲುವುದು. ಆ ದೇಶದ ಸರೋವರಗಳಲ್ಲೆಲ್ಲ ಇದೇ ಆಳವಾದುದು. ಅಗಲವು ಐದಾರು ಮೈಲಿ.

ನೀರು ಎಷ್ಟು ತಿಳಿಯೆಂದರೆ, ಸಣ್ಣ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರೆ ಸರಾಸರಿ ನೂರು ಅಡಿಯ ಆಳದವರೆಗೂ ಕಾಣುತ್ತಿರುತ್ತದೆ. ನಿರ್ಮಲವಾದ ಆಳವಾದ ನೀರು ಸೂರ್ಯನ ಬೆಳಕಿನ ಕೆಂಪು ಮೊದಲಾದ ಬಣ್ಣಗಳನ್ನು ಹೀರಿಕೊಂಡು ನೀಲಿಯನ್ನು ಮಾತ್ರ ಹಿಂದಿರುಗಿಸುವುದರಿಂದ ಆ ಗಾಢವಾದ ನೀಲವರ್ಣವು ಉಂಟಾಗಿದೆ. ನೀರಿನ ನಡುವೆ ಸುಮಾರು 760 ಅಡಿ ಎತ್ತರದ 'ಮಾಂತ್ರಿಕನ ದ್ವೀಪ'ವೆಂಬ ಮರಿ ಅಗ್ನಿಪರ್ವತವೊಂದು ತಲೆಯೆತ್ತಿ ನಿಂತಿದೆ. 'ಸರೋವರದ ಮುದುಕ'ನೆಂಬ ಒಣ ಮರದ ಬೊಡ್ಡೆಯೊಂದಿದೆ. ಸುಮಾರು ಮೂವತ್ತು ಅಡಿ ಉದ್ದದ ಅದು ನಾಲ್ಕು ಅಡಿಯಷ್ಟನ್ನು ಮಾತ್ರ ನೀರಿನ ಮೇಲೆ ತೋರಿಸುತ್ತ, ನೂರು ವರ್ಷಕ್ಕೂ ಮೇಲ್ಪಟ್ಟು ನೆಟ್ಟಗೆ ನಿಂತೇ ತೇಲುತ್ತಿದೆ. ಒಂಟಿಕಾಲಿನ ತಪಸ್ವಿಗಳ ಕಥೆಯನ್ನು ಕೇಳಿ ಬೆಳೆದ ನಾವು ಅದಕ್ಕೆ ಬೇರೊಂದು ಹೆಸರನ್ನು ಇಡುತ್ತಿದ್ದೆವೇನೋ.

ಜ್ವಾಲಾಮುಖಿಯೆಂಬುದು ನಮ್ಮ ನಾಡಿಗೆ ಸಂಬಂಧವೇ ಇಲ್ಲದ ವಿಷಯವೆಂದು ಎಣಿಸಬಾರದು. ವಿಜಯಪುರ, ಬೆಳಗಾವಿ, ಕಲಬುರಗಿಗಳ ಕಪ್ಪು ನೆಲವು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಶಿಲಾರಸದಿಂದ ಹುಟ್ಟಿದುದು. ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪಗಳ ಕಂಬಗಳಂಥ ಬಂಡೆಗಳು ಅದಕ್ಕೂ ಹಳೆಯ ಅಗ್ನಿಯ ಕುರುಹು. ಮಹಾರಾಷ್ಟ್ರದ ಲೋಣಾರ್ ಸರೋವರವನ್ನೂ ಬಹುಕಾಲ ಜ್ವಾಲಾಮುಖಿಯ ಕುಳಿಯೆಂದೇ ತಿಳಿದಿದ್ದರು. ಅದು ಉಲ್ಕಾಪಾತದಿಂದಾದುದೆಂದು ಅನಂತರ ನಿರ್ಧಾರವಾಯಿತು.

ಇನ್ನು ಪ್ರಯಾಣದ ಏರ್ಪಾಡು. ಇದರಲ್ಲಿ ಮೊದಲನೆಯದು ಕಾಲನಿರ್ಣಯ. ಅಲ್ಲಿಯ ಬೆಟ್ಟದ ಮೇಲೆ ವರ್ಷಕ್ಕೆ ಸರಾಸರಿ ನಲವತ್ತು ಅಡಿಗೂ ಮೇಲ್ಪಟ್ಟು ಹಿಮವು ಬೀಳುತ್ತದೆ. ಚಳಿಗಾಲದಲ್ಲಿಯೂ ದಕ್ಷಿಣದ ದಾರಿಯಿಂದ ಮೇಲಕ್ಕೆ ಹೋಗಬಹುದಾದರೂ, ಮೋಡವು ಕವಿದು ಸರೋವರವೇ ಕಾಣದೆ ಹಿಂದಿರುಗಿದವರು ಬಹು ಮಂದಿ. ಸರೋವರವನ್ನು ಸುತ್ತುವ 33 ಮೈಲಿಯ 'ರಿಮ್ ಡ್ರೈವ್' ರಸ್ತೆಯು ಪೂರ್ಣವಾಗಿ ತೆರೆಯುವುದು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ. ಅಕ್ಟೋಬರ್ ಕೊನೆಗೆ, ಅಥವಾ ಅದಕ್ಕೂ ಮೊದಲೇ ದೊಡ್ಡ ಹಿಮವು ಬಿದ್ದರೆ ಆಗಲೇ, ಮುಚ್ಚುವರು. ಜುಲೈ ಮೊದಲಲ್ಲಿ ಸೊಳ್ಳೆಗಳ ಕಾಟ. ಆಗಸ್ಟ್ ಸೆಪ್ಟೆಂಬರುಗಳಲ್ಲಿ ಕಾಡುಗಿಚ್ಚಿನ ಹೊಗೆಯು ಕೆಲವು ವರ್ಷ ದೃಶ್ಯವನ್ನೆಲ್ಲ ಮುಚ್ಚಿಬಿಡುವುದುಂಟು.

ಈ ಹಿಮದ ಪಂಚಾಂಗವನ್ನು ನಮ್ಮ ಮನೆಯ ಪಂಚಾಂಗದೊಡನೆ ಹೊಂದಿಸುವುದೇ ದೊಡ್ಡ ಗಣಿತವಾಯಿತು. ಶ್ರಾವಣದಲ್ಲಿ ಉಪಾಕರ್ಮ, ವರಮಹಾಲಕ್ಷ್ಮಿ. ಭಾದ್ರಪದದಲ್ಲಿ ಗೌರೀಗಣೇಶ, ಅದು ಕಳೆದೊಡನೆ ಪಿತೃಪಕ್ಷ. ಉಳಿದುದು ಆಷಾಢದ ಕೊನೆಯ ದಿನಗಳು. "ಆಷಾಢದಲ್ಲಿ ಹೊರಡೋದೇ?" ಎಂದು ಆಕೆ ಹುಬ್ಬೇರಿಸಿದಳು. ಹೊಸ ಸೊಸೆಯರಿಗೆ ಮಾತ್ರ ಆಷಾಢದ ಕಟ್ಟು, ನಲವತ್ತು ವರ್ಷ ಹಳೆಯ ಸೊಸೆಗಲ್ಲವೆಂದು ನಾನು ವ್ಯವಸ್ಥೆ ಕೊಟ್ಟ ಮೇಲೆ ನಕ್ಕು ಒಪ್ಪಿದಳು.

ಎರಡನೆಯದು ದಾರಿ ಮತ್ತು ವಸತಿ. ಪೋರ್ಟ್‌ಲೆಂಡಿನಿಂದ ಸುಮಾರು 250 ಮೈಲಿ, ಕಾರಿನಲ್ಲಿ ಐದು ಗಂಟೆಯ ದಾರಿ. ಒಂದೇ ದಿನದಲ್ಲಿ ಹೋಗಿ ಬರುವೆವೆನ್ನುವುದು ಯುವಕರ ಮಾತು. ಸರೋವರದ ಅಂಚಿನಲ್ಲಿಯೇ 1915ರಲ್ಲಿ ಪ್ರಾರಂಭವಾದ ಹಳೆಯ ವಸತಿಗೃಹವೊಂದಿದೆ; ಜೀರ್ಣೋದ್ಧಾರವಾಗಿ 1995ರಲ್ಲಿ ಮತ್ತೆ ತೆರೆಯಿತು. ಅದರಲ್ಲಿರುವುದು 71 ಕೊಠಡಿಗಳು ಮಾತ್ರ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ನಡೆಯುತ್ತದೆ. ಆದಕಾರಣ ಬಹಳ ತಿಂಗಳು ಮೊದಲೇ ಕಾದಿರಿಸಬೇಕು. ಅದು ಸಿಕ್ಕದಿದ್ದರೆ ಕೆಳಗಿನ ಊರುಗಳಲ್ಲಿ ತಂಗಿ ಬೆಳಿಗ್ಗೆ ಮೇಲಕ್ಕೆ ಹೋಗಬಹುದು. ಪೆಟ್ರೋಲನ್ನು ಮೊದಲೇ ತುಂಬಿಸಿಕೊಳ್ಳುವುದು ಕ್ಷೇಮ. ಮೊಬೈಲು ಎಲ್ಲ ಕಡೆ ಕೇಳಿಸದು; ದಾರಿಯ ನಕ್ಷೆಯನ್ನು ಕಾಗದದ ಮೇಲೆ ಇಟ್ಟುಕೊಂಡಿರಬೇಕು.

ಮೂರನೆಯದು ದೇಹಸ್ಥಿತಿ. ಸರೋವರದ ಅಂಚು ಸಮುದ್ರಮಟ್ಟಕ್ಕೆ 7,100 ಅಡಿ ಎತ್ತರದಲ್ಲಿರುವುದು, ಎಂದರೆ ಹೆಚ್ಚುಕಡಮೆ ಉದಕಮಂಡಲದಷ್ಟು. ಗುಂಡ್ಲುಪೇಟೆಯ ದಾರಿಯಾಗಿ ಊಟಿಗೆ ಹೋಗಿ ಬಂದವರಿಗೆ, ನಾಲ್ಕು ಹೆಜ್ಜೆ ಬೇಗ ಹಾಕಿದರೆ ಏದುಸಿರು ಬರುವುದೆಂಬುದು ಗೊತ್ತಿರುವುದು. ಹೃದಯದ ಅಥವಾ ಶ್ವಾಸದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಔಷಧಗಳನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಟ್ಟುಕೊಳ್ಳಬೇಕು. ಜುಲೈ ತಿಂಗಳಲ್ಲಿಯೂ ಅಲ್ಲಲ್ಲಿ ಹಿಮವಿರುವುದರಿಂದ ಉಣ್ಣೆಯ ಉಡುಪೂ ಜಾರದ ಪಾದರಕ್ಷೆಯೂ ಅವಶ್ಯ. ತಿಂಡಿಗೆ ಗೊಜ್ಜವಲಕ್ಕಿ, ಚಟ್ನಿಪುಡಿ ಸವರಿದ ಚಪಾತಿ, ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದರೆ ಸಾಕು. ಆದರೆ ಅಲ್ಲಿ ಕರಡಿಗಳಿರುವುದರಿಂದ ತಿಂಡಿಯನ್ನು ಹೊರಗೆ ಬಿಟ್ಟು ತಿರುಗಾಡಲಾಗದು.

ನಾಲ್ಕನೆಯದಾಗಿ, ನೀರಿನವರೆಗೆ ಇಳಿಯುವ ವಿಚಾರ. ಸುತ್ತಲಿನ ಗೋಡೆಯು ಸಡಿಲವಾದ ಕಲ್ಲುಬೂದಿಗಳದು; ಇಳಿಯಹೋಗಿ ಪ್ರಾಣವನ್ನು ಕಳೆದುಕೊಂಡವರಿದ್ದಾರೆ. ಆದುದರಿಂದ ಕ್ಲೀಟ್‌ವುಡ್ ಎಂಬ ಒಂದೇ ಒಂದು ಕಾಲುದಾರಿಯನ್ನುಳಿದು ಬೇರೆಲ್ಲಿಯೂ ಇಳಿಯಕೂಡದೆಂದು ನಿಯಮವಿದೆ. ಆ ದಾರಿಯೂ ಒಂದು ಮೈಲಿಗೆ ಸುಮಾರು 700 ಅಡಿ ಇಳಿಯುತ್ತದೆ, ಇಳಿದಷ್ಟನ್ನೂ ಹತ್ತಬೇಕು. ಅದನ್ನೂ ದುರಸ್ತಿಗಾಗಿ 2026ರಿಂದ ಕೆಲವು ವರ್ಷ ಮುಚ್ಚುವುದಾಗಿ ಉದ್ಯಾನದವರು ಪ್ರಕಟಿಸಿದ್ದಾರೆ. ದೋಣಿಯ ವಿಹಾರಕ್ಕೂ ಅದೇ ದಾರಿಯಾದುದರಿಂದ ಅದೂ ಇಲ್ಲ. ಹೊರಡುವವರು ಆಯಾ ವರ್ಷದ ಸ್ಥಿತಿಯನ್ನು ವಿಚಾರಿಸಿಕೊಳ್ಳಬೇಕು. ಇದನ್ನು ಓದಿದಾಗ ನಾನು ಕಿಟಕಿಯ ಮೇಲಿದ್ದ ಗಿಂಡಿಯ ಕಡೆಗೆ ನೋಡಿದೆನು. ನಮ್ಮ ಮನೆಯಾಕೆಯ ಮೊಣಕಾಲುಗಳಾದರೋ ಸಂಗಮದ ಸೋಪಾನಗಳನ್ನೇ ಒಂದೊಂದಾಗಿ ಎಣಿಸಿ ಇಳಿಯತಕ್ಕವು.

ದಾರಿಯು ಮುಚ್ಚಿದೆಯೆಂದು ಹೇಳಿ ಮಾತನ್ನು ಮುಗಿಸಬಹುದಾಗಿತ್ತು. ಆದರೆ ಆಕೆ, ಮುಂದೆ ತೆರೆದಾಗ ಮಗನಾದರೂ ಹೊಯ್ಯಲಿ ಎನ್ನುವಳು. ಇಲ್ಲಿ ನಾನು ಐದನೆಯ ವಿಷಯಕ್ಕೆ ಬರಬೇಕು. ಅದನ್ನು ಆಕೆಗೆ ಹೇಳಲು ನನಗೆ ಒಂದು ವಾರ ಬಾಯಿ ಬರಲಿಲ್ಲ.

ವಿಲಿಯಂ ಗ್ಲ್ಯಾಡ್‌ಸ್ಟನ್ ಸ್ಟೀಲ್ ಎಂಬವರೊಬ್ಬರಿದ್ದರು. ಶಾಲೆಯ ಹುಡುಗನಾಗಿದ್ದಾಗ ಊಟದ ಬುತ್ತಿಗೆ ಸುತ್ತಿದ್ದ ವೃತ್ತಪತ್ರಿಕೆಯ ಚೂರಿನಲ್ಲಿ ಈ ಸರೋವರದ ವಿಚಾರವನ್ನು ಓದಿದುದಾಗಿ ಅವರೇ ಮುಂದೆ ಹೇಳುತ್ತಿದ್ದರು. ಅವರು 1885ರಲ್ಲಿ ಮೊದಲ ಸಲ ಅದರ ಅಂಚಿನಲ್ಲಿ ನಿಂತರು. ಇದನ್ನು ಯಾರೂ ಕೆಡಿಸದಂತೆ ಕಾಪಾಡಬೇಕೆಂದು ಅಂದೇ ನಿಶ್ಚಯಿಸಿದರು. ಹದಿನೇಳು ವರ್ಷ ಕೈಯ ಹಣವನ್ನು ವೆಚ್ಚಮಾಡಿ, ಕಾಗದಗಳನ್ನು ಬರೆದು, ಬಾಗಿಲುಬಾಗಿಲು ಅಲೆದರು. ಕೊನೆಗೆ 1902ನೆಯ ಮೇ 22ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಸಹಿಯಿಂದ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ಸರೋವರವನ್ನು ಅವರಿಗಿಂತ ಹೆಚ್ಚಾಗಿ ಪ್ರೀತಿಸಿದವರು ವಿರಳ.

ಆದರೆ ಅದೇ ಸ್ಟೀಲರು 1888ರಲ್ಲಿ ಒಂದು ಬಕೀಟಿನಲ್ಲಿ ಟ್ರೌಟ್ ಮೀನಿನ ಮರಿಗಳನ್ನು ಹೊತ್ತು ತಂದು, ಅಲ್ಲಿಯವರೆಗೆ ಮೀನೆಂಬುದೇ ಇಲ್ಲದಿದ್ದ ಆ ನೀರಿಗೆ ಬಿಟ್ಟರು. ಇಷ್ಟು ಸುಂದರವಾದ ಸರೋವರದಲ್ಲಿ ಮೀನಿಲ್ಲವೆಂಬುದೊಂದೇ ಅವರಿಗೆ ಕೊರತೆಯಾಗಿ ಕಂಡಿತು. ಮೀನನ್ನು ತಂದು ಬಿಡುವ ಪದ್ಧತಿಯು 1941ರವರೆಗೂ ನಡೆಯಿತು. ಆ ಮೀನುಗಳಿಗೆ ಆಹಾರವಾಗಲಿ ಎಂದು 1915ರಲ್ಲಿ ಕ್ರೇಫಿಷ್ ಎಂಬ, ಸಿಗಡಿಯನ್ನು ಹೋಲುವ ಇಕ್ಕುಳಗಾಲಿನ ಪ್ರಾಣಿಯನ್ನು ತಂದು ಬಿಟ್ಟರು. ಮೀನುಗಳು ಅದನ್ನು ತಿಂದು ಮುಗಿಸಲಿಲ್ಲ. ಅದು ವಂಶವನ್ನು ಬೆಳೆಸಿಕೊಂಡು ತೀರದ ಬಹುಭಾಗವನ್ನು ಆಕ್ರಮಿಸಿತು. ಆ ನೀರಿನಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ, ಬಾಲವುಳ್ಳ ಕಪ್ಪೆಯಂಥ ನ್ಯೂಟ್ ಎಂಬ ಪುಟ್ಟ ಜೀವಿಯು ಇದರ ಬಾಯಿಗೆ ಬಿದ್ದು ಈಗ ನಿರ್ಮೂಲವಾಗುವ ಸ್ಥಿತಿಗೆ ಬಂದಿದೆ. ಪಾಚಿಯನ್ನು ತಿಂದು ಕಡಮೆ ಮಾಡುತ್ತಿದ್ದ ಸಣ್ಣ ಹುಳುಗಳನ್ನೂ ಕ್ರೇಫಿಷ್ ತಿನ್ನುವುದರಿಂದ ತೀರದಲ್ಲಿ ಪಾಚಿಯು ಹೆಚ್ಚುತ್ತಿದೆ.

ಹರಿಯುವ ನದಿಯಲ್ಲಾದರೆ ಪ್ರವಾಹವು ಕೊಳೆಯನ್ನು ಸ್ವಲ್ಪವಾದರೂ ಮುಂದಕ್ಕೆ ಒಯ್ಯುವುದು. ಇಲ್ಲಿ ಹೊರಗೆ ಹೋಗುವ ದಾರಿಯೇ ಇಲ್ಲವಷ್ಟೆ? ಒಮ್ಮೆ ಒಳಗೆ ಬಂದುದು ಅಲ್ಲಿಯೇ ಉಳಿಯತಕ್ಕದ್ದು. ಈ ಕಾರಣದಿಂದಲೇ ಉದ್ಯಾನದವರು ಖಾಸಗಿ ದೋಣಿಗಳನ್ನೂ, ಈಜುವವರು ಬೇರೆ ನೀರಿನಲ್ಲಿ ಉಪಯೋಗಿಸಿದ ಉಡುಪು, ತೇಲುಸಾಮಾನುಗಳನ್ನೂ ನಿಷೇಧಿಸಿದ್ದಾರೆ. ಕಣ್ಣಿಗೆ ಕಾಣದ ಮೊಟ್ಟೆಯೋ ಬೀಜವೋ ಒಂದು ಹನಿ ನೀರಿನಲ್ಲಿಯೂ ಬರಬಹುದೆಂದು ಅವರ ಭಯ.

ಒಂದು ಸಂಜೆ, ಆಕೆ ಹಾಲನ್ನು ಕಾಯಿಸಿ ಇಳಿಸುತ್ತಿದ್ದಾಗ, ಧೈರ್ಯ ಮಾಡಿ ಸ್ಟೀಲರ ಬಕೀಟಿನ ಕಥೆಯನ್ನು ಮೊದಲಿನಿಂದ ಹೇಳಿದೆನು. ಗಿಂಡಿಯ ಹೆಸರನ್ನು ನಾನು ಎತ್ತಲಿಲ್ಲ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಹರಕೆಯನ್ನು ತೀರಿಸದಿದ್ದರೆ ಏನಾಗುವುದೋ ಎಂಬ ಭಯವು ಆಕೆಯ ಮುಖದಲ್ಲಿ ಕಾಣುತ್ತಿದ್ದಿತು. ಶಾಸ್ತ್ರವಾಕ್ಯಗಳನ್ನು ಹೇಳಿ ಸಮಾಧಾನ ಮಾಡೋಣವೆಂದು ನಾನು ಮನಸ್ಸಿನಲ್ಲಿಯೇ ಹುಡುಕುತ್ತಿದ್ದೆನು. ಅಷ್ಟರಲ್ಲಿ ಆಕೆಯೇ ಹೆಪ್ಪಿನ ಬಟ್ಟಲನ್ನು ಕೈಯಲ್ಲಿ ಹಿಡಿದು, ಹಾಲಿನ ಪಾತ್ರೆಯ ಕಡೆಗೆ ನೋಡುತ್ತ, "ಒಂದು ತೊಟ್ಟು ಹೆಪ್ಪು ಬಿದ್ದರೆ ಪಾತ್ರೆ ಹಾಲೂ ಹಾಲಾಗಿ ಉಳಿಯೋದಿಲ್ಲ. ಹೆಪ್ಪೇನು ಕೆಟ್ಟದ್ದೇ? ಮನೆಗೆಲ್ಲ ಬೇಕಾದ್ದೇ. ಆದರೆ ಹಾಲಾಗಿಯೇ ಇರಬೇಕಾದ್ದಕ್ಕೆ ಅದನ್ನು ಹಾಕಬಾರದು. ಇಷ್ಟು ವರ್ಷ ಹಾಲು ಕಾಯಿಸಿದವಳಿಗೆ ನೀವು ಅಮೆರಿಕದ ಕಥೆ ಹೇಳಬೇಕಾಗಿತ್ತೇ?" ಎಂದಳು.

"ಹರಕೆ?" ಎಂದೆನು.

"ಒಳ್ಳೆಯ ನೀರಿಗೆ ಹೊಯ್ಯಿಸ್ತೀನಿ ಅಂತ ಹರಸಿಕೊಂಡೆ, ಒಳ್ಳೆಯ ನೀರನ್ನು ಕೆಡಿಸ್ತೀನಿ ಅಂತ ಅಲ್ಲವಲ್ಲ. ಮಗು ಬದುಕಿದೆ, ಅದಕ್ಕೆ ಕೃತಜ್ಞತೆ ಹೇಳೋದು ತಾನೇ ಹರಕೆ? ಗಿಂಡಿ ನೀರು ನಮ್ಮ ಜೊತೆ ಇಲ್ಲಿಂದ ಬರೋದೇ ಬೇಡ. ಮುಂದಿನ ವರ್ಷ ಅವರು ಊರಿಗೆ ಬಂದಾಗ ಮಗೂನ ಸಂಗಮಕ್ಕೆ ಕರೆದುಕೊಂಡು ಹೋಗೋಣ. ಆ ಸರೋವರವನ್ನು ಕಣ್ಣಲ್ಲಿ ತುಂಬಿಕೊಂಡ ಮಗು ಇಲ್ಲಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಇಲ್ಲಿಗೇ ಬಿಡಲಿ. ಸಾಲದೇ?"

ಸಾಕೆಂದು ಹೇಳುವ ಅಧಿಕಾರವು ನನಗೆಲ್ಲಿಯದು? ಆದರೂ ಹೇಳಿದೆನು. ಮರುದಿನ ಬೆಳಿಗ್ಗೆ ಗಿಂಡಿಯು ದೇವರ ಮನೆಯ ಗೂಡಿಗೆ ಹಿಂದಿರುಗಿದ್ದಿತು.

ಆಮೇಲೆ ನಾನು ಆಲೋಚಿಸಿದುದು ಇಷ್ಟು. ತೀರ್ಥಕ್ಕೆ ಹೋಗುವವರು ಏನಾದರೂ ಅಲ್ಲಿ ಬಿಟ್ಟುಬರುವುದು ನಮ್ಮಲ್ಲಿ ವಾಡಿಕೆ. ಮಿಂದವರು ಬಿಟ್ಟುಹೋದ ಬಟ್ಟೆಗಳೂ ಹೂವಿನ ಪ್ಲಾಸ್ಟಿಕ್ ಚೀಲಗಳೂ ನಮ್ಮ ಸಂಗಮದ ತಡಿಯಲ್ಲಿ ರಾಶಿಯಾಗಿ ಬಿದ್ದಿರುವುದನ್ನು ಮೇಳದ ಮರುದಿನ ನಾವೇ ನೋಡಿದೆವು. ಹಾಗೆ ಬಿಟ್ಟವರಲ್ಲಿ ಕೆಡಿಸಬೇಕೆಂದು ಬಂದವರು ಒಬ್ಬರೂ ಇಲ್ಲ, ಎಲ್ಲರೂ ಭಕ್ತರೇ. ಸ್ಟೀಲರೂ ಭಕ್ತರೇ. ನದಿಯು ಹರಿಯುವುದರಿಂದ ನಮ್ಮ ತಪ್ಪು ನಮ್ಮ ಕಣ್ಣೆದುರಿಗೆ ನಿಲ್ಲುವುದಿಲ್ಲ. ಕೆಳಗಿನ ಊರಿನವರ ಕಣ್ಣೆದುರಿಗೆ ನಿಲ್ಲುವುದು. ತಲೆಯಿಲ್ಲದ ಆ ಬೆಟ್ಟದ ಸರೋವರವಾದರೋ ಯಾರು ಏನು ಕೊಟ್ಟರೆಂಬುದನ್ನು ಮರೆಯದೆ ಇಟ್ಟುಕೊಂಡಿದೆ. ನಮ್ಮ ಸ್ಫಟಿಕ ಸರೋವರವು ಕಣ್ಣಿಗೆ ಕಾಣದು. ಕಾಣುವ ಸ್ಫಟಿಕ ಸರೋವರವೊಂದನ್ನು ನೋಡಿಬಂದ ಮೇಲೆ, ಕಾಣದುದನ್ನು ಹೊದ್ದು ಹರಿಯುವ ನೀರಿನ ಮೇಲೆ ನಮಗೆ ಇನ್ನಷ್ಟು ಎಚ್ಚರ ಹುಟ್ಟಿದರೆ ಅಷ್ಟು ದೂರ ಹೋದುದು ಸಾರ್ಥಕವಾದೀತು.

ಆದುದರಿಂದ ವಾಚಕರಲ್ಲಿ ನನ್ನ ಅರಿಕೆ: ಅಲ್ಲಿಗೆ ಹೋಗುವವರು ಆಷಾಢಶ್ರಾವಣಗಳಲ್ಲಿ ಹೋಗಿರಿ, ವಸತಿಯನ್ನು ಬಹು ಮೊದಲೇ ಗೊತ್ತುಮಾಡಿರಿ, ಒಂದು ದಿನ ಮೋಡ ಕವಿದರೆ ಇನ್ನೊಂದು ದಿನವಿರಲೆಂದು ಎರಡು ರಾತ್ರಿ ಅಲ್ಲಿಯೇ ಇರುವಂತೆ ಏರ್ಪಡಿಸಿರಿ, ಮನೆಯ ಹಿರಿಯರ ಮೊಣಕಾಲಿಗೆ ತಕ್ಕಂತೆ ದಿನಚರಿಯನ್ನು ಹಾಕಿರಿ. ವಸತಿಗೃಹದ ಮುಂದಿನ ಸಮತಟ್ಟಾದ ದಾರಿಯಲ್ಲಿ ನಿಂತರೇ ಸರೋವರವು ಸಂಪೂರ್ಣವಾಗಿ ಕಾಣುವುದಂತೆ, ಮುಟ್ಟಲಾಗಲಿಲ್ಲವೆಂದು ಕೊರಗಬೇಕಾದುದಿಲ್ಲ. ಏನನ್ನೂ ಒಯ್ಯಬೇಡಿರಿ, ಒಂದು ಕಲ್ಲನ್ನೂ ತರಬೇಡಿರಿ.

ನಿನ್ನೆ ಮೊಮ್ಮಗಳು ಮತ್ತೆ ಟೆಲಿಫೋನಿನಲ್ಲಿ ಬಂದಳು. "ಅಜ್ಜಿ, ನೀವು ಬರುವಾಗ ನನಗೇನು ತರ್ತೀರಿ?" ಎಂದು ಕೇಳಿದಳು. "ಗಟ್ಟಿಯಾಗಿ ಹುರಿದ ಕೋಡುಬಳೆ," ಎಂದಳು ನಮ್ಮ ಮನೆಯಾಕೆ. "ಬೆಟ್ಟದ ಮೇಲೆ ಕೂತು ತಿನ್ನೋಣ. ಒಂದು ಚೂರೂ ಕೆಳಗೆ ಬೀಳಿಸಬಾರದು, ತಿಳಿಯಿತೇ?"